ಹೊಸ್ತಿಲಿಂದ ಹೊಸ್ತಿಲಿಗೆ ಎಷ್ಟು ತಾಸು?

ಊರೂರುಗಳ ನಡುವಿನ ದೂರ ಅಳೆಯುವುದೂ ಒಂದು ಚಟವೇ. ನಕಾಶೆ, ವೇಳಾಪಟ್ಟಿ ಎರಡೂ ಕೈಗೆ ಸಿಕ್ಕರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಈ ಚಟ ಹತ್ತಿಸಿಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಇಷ್ಟೇ: ಟಿಕೆಟ್ ಮೇಲಿನ ತಾಸು ಬೇರೆ, ಪ್ರಯಾಣದ ತಾಸು ಬೇರೆ.

ಹುಬ್ಬಳ್ಳಿ–ಬೆಂಗಳೂರನ್ನೇ ನೋಡಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಗೆ ನೇರ ಗೆರೆ ಎಳೆದರೆ ಸುಮಾರು 370 ಕಿ.ಮೀ. ವೇಳಾಪಟ್ಟಿಯಲ್ಲಿ ಒಂದು ತಾಸಿನ ಮೇಲೆ ಹತ್ತು–ಹದಿನೈದು ನಿಮಿಷ. ಅದೂ ಬರೀ ಹಾರಾಟದ ಹೊತ್ತಲ್ಲ. ವಿಮಾನ ಇಲ್ಲಿ ನಿಂತ ಜಾಗದಿಂದ ಕದಲಿ ಅಲ್ಲಿ ಹೋಗಿ ನಿಲ್ಲುವವರೆಗಿನ ಲೆಕ್ಕ. ರನ್‌ವೇಗಾಗಿ ಸರದಿ ಕಾಯುವುದೂ ಅದರಲ್ಲೇ ಬಂತು.

ಈಗ ಶಿಗ್ಗಾವಿಯಿಂದ ಹೊರಡೋಣ. ಹೆದ್ದಾರಿಯ ಮೇಲಿನ ಊರು, ಹುಬ್ಬಳ್ಳಿ ಸುಮಾರು 50 ಕಿ.ಮೀ. ವಿಮಾನ 8.45ಕ್ಕೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಏಳೂಕಾಲಕ್ಕೆ ನಿಲ್ದಾಣ. ತಪಾಸಣೆ, ಕಾಯುವಿಕೆ ಮುಗಿಸಿ ಹಾರಿ, ಹತ್ತರ ಹೊತ್ತಿಗೆ ದೇವನಹಳ್ಳಿ. ಬ್ಯಾಗು ಎತ್ತಿಕೊಂಡು ವಾಯುವಜ್ರ ಬಸ್ಸು ಹಿಡಿದು ಮೆಜೆಸ್ಟಿಕ್ ಮುಟ್ಟುವಷ್ಟರಲ್ಲಿ ಹನ್ನೆರಡರ ಹತ್ತಿರ. ಒಂದೂಕಾಲು ತಾಸಿನ ಪ್ರಯಾಣ ಆರು ತಾಸಿನದಾಯಿತು. ಕಾರಿನಲ್ಲಿ ಹೋದರೂ ಇನ್ನೊಂದು ತಾಸು ಹೆಚ್ಚು, ಅಷ್ಟೇ.

ಸವಣೂರಿನವರು ಮೊದಲು ಹೆದ್ದಾರಿಗೆ ಬರಬೇಕು. ಆ ಒಂದು ತಾಸಿನ ಉಳಿತಾಯ ಅಲ್ಲಿಗೇ ಕರಗಿತು. ಹಾನಗಲ್ಲಿನವರು ತಡಸದ ಮೇಲೆ ಹುಬ್ಬಳ್ಳಿ ಸೇರುವಷ್ಟರಲ್ಲಿ ಎಂಬತ್ತು ಕಿ.ಮೀ. ಸನಿಹ. ಹಿರೇಕೆರೂರಿನವರ ಕಥೆಯಂತೂ ಕೇಳಲೇಬೇಡಿ: ಬೆಂಗಳೂರಿಗೆ ಬೆನ್ನು ಮಾಡಿ ನೂರಕ್ಕೂ ಹೆಚ್ಚು ಕಿ.ಮೀ. ಉತ್ತರಕ್ಕೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಹಾರಬೇಕು! ಅವರಿಗೆ ಶಿಕಾರಿಪುರದ ಮೇಲೆ ಶಿವಮೊಗ್ಗೆಯ ಸೋಗಾನೆ ವಿಮಾನ ನಿಲ್ದಾಣವೇ ಹತ್ತಿರ. ಅಲ್ಲಿಂದ ಬೆಂಗಳೂರಿಗೆ ವಿಮಾನ ಹಾರತೊಡಗಿದ್ದು 2023ರ ಆಗಸ್ಟ್ 31ರಿಂದ. ಅದಕ್ಕಿಂತ ಸರಳ ದಾರಿಯೂ ಇದೆ: ರಾಣೆಬೆನ್ನೂರಿಗೆ ಹೋಗಿ ರಾತ್ರಿ ರೈಲು ಹತ್ತಿ ಮಲಗಿಬಿಡುವುದು.

ಹಾಗಾದರೆ ವಿಮಾನ ದಂಡವೇ? ಅಲ್ಲ, ದೂರ ಬೆಳೆದಷ್ಟೂ ಅದರ ಬೆಲೆ ತಿಳಿಯುತ್ತದೆ. ಹುಬ್ಬಳ್ಳಿಯಿಂದ ದಿಲ್ಲಿಗೆ ನೇರ ಗೆರೆಯಲ್ಲಿ ಸುಮಾರು 1,480 ಕಿ.ಮೀ. ರೈಲಿನಲ್ಲಿ ಒಂದೂವರೆ ದಿನ ಹಿಡಿಯುವ ದಾರಿ ನೇರ ವಿಮಾನಕ್ಕೆ ಮೂರು ತಾಸಿನೊಳಗಿನದು. ಇಲ್ಲಿ ನೆಲದ ಮೇಲಿನ ನಾಲ್ಕೈದು ತಾಸು ಭಾರವಲ್ಲ.

ಇನ್ನು ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ನೇರ ದೂರ ಸುಮಾರು 14,000 ಕಿ.ಮೀ. ಗೋಡೆಯ ನಕಾಶೆ ನಂಬಬೇಡಿ. ಮಕ್ಕಳ ಭೂಗೋಳದ ಮೇಲೆ ಎರಡೂ ಊರಿಗೆ ದಾರ ಬಿಗಿದು ನೋಡಿ, ಅದು ಉತ್ತರ ಧ್ರುವದ ಕಡೆಗೆ ಏರುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾ ವಿಮಾನವನ್ನು ಧ್ರುವದ ಮೇಲಿಂದಲೇ ಬೆಂಗಳೂರಿಗೆ ತಂದಿಳಿಸಿತು. ಪ್ರತಿ ಸಲವೂ ಅದೇ ದಾರಿ ಅಂತೇನಿಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ರಭಸದ ಗಾಳಿ ಬೆನ್ನಿಗೆ ಸಿಗುವುದಾದರೆ ಪೈಲಟ್‌ಗಳು ಸುತ್ತು ದಾರಿಯನ್ನೂ ಹಿಡಿಯುತ್ತಾರೆ. ಕಿ.ಮೀ. ಹೆಚ್ಚಿದರೂ ತಾಸು ಕಡಿಮೆಯಾಗುತ್ತದೆ.

ಆದ್ದರಿಂದ ಟಿಕೆಟ್ ತೆಗೆಸುವ ಮುನ್ನ ಮನೆಯ ಹೊಸ್ತಿಲಿಂದ ಲೆಕ್ಕ ಹಾಕಿ. ದಿಲ್ಲಿಗೆ ಕಣ್ಣು ಮುಚ್ಚಿ ವಿಮಾನ ಹತ್ತಿ. ಬೆಂಗಳೂರಿಗಾದರೆ, ಶಿಗ್ಗಾವಿಯವರು ಬೇಕಿದ್ದರೆ ಯೋಚಿಸಲಿ. ಉಳಿದ ಮೂರೂ ಊರಿನವರಿಗೆ ರಾತ್ರಿ ರೈಲೇ ಲೇಸು.