ಕಟ್ಟಿನ ಲೆಕ್ಕ

ಹೊಸೂರು ಸಿಪ್ಕಾಟ್‌ನಲ್ಲಿ ಕೆಲಸಕ್ಕೆ ಸೇರಿದ ತಂಗಿ ಮಗ, ಮೊದಲ ಸಂಬಳದ ದಿನ ಮೊಬೈಲ್ ಹಿಡಿದು "ಮಾವ, ಇದು ಲಾಭ ತಾನೇ?" ಅಂದ. 2014ರಲ್ಲಿ ಬಂದ ಹಾರ್ತ್‌ಸ್ಟೋನ್ ಎಂಬ ಎಲೆಯಾಟ. ಹಲವು ಪ್ಯಾಕುಗಳ ಕಟ್ಟು. ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗವೇನೋ ಹೌದು. ಆದರೆ ಒಡೆಯುವ ತನಕ ಒಳಗೇನಿದೆ ಗೊತ್ತಾಗೋದಿಲ್ಲ. ಬೇಡದ ಲೆಜೆಂಡರಿ ಎಲೆಯೊಂದನ್ನು ಕರಗಿಸಿದರೆ 400 ಧೂಳು. ಬೇಕಾದ್ದನ್ನು ಮಾಡಿಕೊಳ್ಳಲು 1600. ನಾಲ್ಕು ಕಳೆದರೆ ಒಂದು! ನಾವು ಬಬಲ್‌ಗಮ್ಮಿನ ಚಿತ್ರಕ್ಕೆ ಕಾಸು ಸುರಿದದ್ದೂ ಇಂಥದೇ ಹುಚ್ಚು, ಒಪ್ಪಿದೆ. ಆದರೂ ಒಂದೇ ಚಿತ್ರ ಎರಡು ಬಂದರೆ ಪಕ್ಕದವನಿಗೆ ಕೊಟ್ಟು ಬೇರೆ ಇಸ್ಕೊಳ್ಳಬಹುದಿತ್ತು. ಇಲ್ಲಿ ಗೆಳೆಯನಿಗೆ ಎಲೆ ಕೊಡುವ ದಾರಿಯೇ ಇಲ್ಲ. ಹಾಗಾಗಿ ಪ್ಯಾಕಿಗೆಷ್ಟು ಅನ್ನೋದಲ್ಲ, ಬೇಕಾದ ಆ ಒಂದು ಎಲೆಗೆ ಎಷ್ಟು ಬಿತ್ತು ಅಂತ ನೋಡಬೇಕು. ಹಾಗೆ ನೋಡಿದರೆ ಕಟ್ಟು ದುಬಾರಿಯೇ. "ಬೇಡ ಬಿಡಿ ಮಾವ" ಅಂದ. ಕಣ್ಣು ಮಾತ್ರ ಕೊಡುಗೆ ಮುಗಿಯಲು ಉಳಿದ ಗಂಟೆಗಳ ಮೇಲೇ ಇತ್ತು.