ಮಾರ್ಚಿನ ಅಂಕ, ಜೂನ್ ತಿಂಗಳ ಹೊಣೆ

2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲ ಸ್ಥಾನದಲ್ಲಿತ್ತು. ಕಲಬುರಗಿ ಶೇ 42.43ರೊಂದಿಗೆ ಕೊನೆಯಲ್ಲಿತ್ತು. ಚರ್ಚೆಯೆಲ್ಲ ಹತ್ತನೆಯ ತರಗತಿಯ ಸುತ್ತಲೇ ನಡೆಯಿತು. ಆದರೆ ಆ ಪರೀಕ್ಷೆ ಬರೆದವರಲ್ಲಿ ಬಹುಪಾಲು ಮಕ್ಕಳು 2023ರ ಮಾರ್ಚ್‌ನಲ್ಲಿ ಎಂಟನೆಯ ತರಗತಿಯಲ್ಲಿದ್ದರು. ಪರೀಕ್ಷಾ ಮಂಡಳಿಯೇ ಪ್ರಶ್ನೆಪತ್ರಿಕೆ ಕಳಿಸಿ ನಡೆಸಿದ ರಾಜ್ಯಮಟ್ಟದ ಮೌಲ್ಯಾಂಕನ ಬರೆದ ಮೊದಲ ತಂಡದಲ್ಲಿ ಇವರೂ ಇದ್ದರು. ಮರುವರ್ಷ ಒಂಬತ್ತನೆಯ ತರಗತಿಯ ಮಂಡಳಿ ಪರೀಕ್ಷೆಗೂ ಇವರೇ ಕೂತರು. ಹತ್ತಕ್ಕೆ ಬರುವ ಮೊದಲೇ ಎರಡು ಸಲ ಅಳೆದ ಮಕ್ಕಳಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು ಮಂದಿ ಹತ್ತರಲ್ಲಿ ಎಡವಿದರೆ, ಆ ಅಳತೆಯಿಂದ ಏನಾಯಿತು ಎಂದು ಕೇಳಲೇಬೇಕು.

ಈ ಪರೀಕ್ಷೆಗಳು ನಡೆದ ರೀತಿ ನೆನಪಿಸಿಕೊಳ್ಳೋಣ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗು ಯಾವ ಮಂಡಳಿ ಪರೀಕ್ಷೆಯನ್ನೂ ಪಾಸು ಮಾಡಬೇಕಾಗಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಅದರ ಆಧಾರದ ಮೇಲೆ ವಿವಾದ ಹೈಕೋರ್ಟ್ ಮೆಟ್ಟಿಲೇರಿತು. 2023ರ ಮಾರ್ಚ್ 10ರಂದು ಏಕಸದಸ್ಯ ಪೀಠ ಮೌಲ್ಯಾಂಕನದ ಸುತ್ತೋಲೆಗಳನ್ನು ರದ್ದು ಮಾಡಿತು. 15ರಂದು ವಿಭಾಗೀಯ ಪೀಠ, ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಬಾರದೆಂದು ಹೇಳಿ ಅನುಮತಿ ಕೊಟ್ಟಿತು. 27ರಂದು ಪರೀಕ್ಷೆ ಶುರುವಾಯಿತು. 2024ರಲ್ಲಿ ಗೊಂದಲ ಇನ್ನೂ ಹೆಚ್ಚಿತು. ಮಾರ್ಚ್ 11ಕ್ಕೆ ಆರಂಭವಾದ ಪರೀಕ್ಷೆ ಮರುದಿನವೇ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತಿತು. ಹೈಕೋರ್ಟ್ ಅನುಮತಿಯ ಮೇಲೆ ಮತ್ತೆ ನಡೆದು ಮುಗಿದ ಬಳಿಕ, ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶವನ್ನೇ ತಡೆಹಿಡಿಯಿತು. ನಾಳೆ ಪೇಪರ್ ಇದೆಯೋ ಇಲ್ಲವೋ ಗೊತ್ತಾಗದೆ ಮಕ್ಕಳು ಕಾದ ಆ ದಿನಗಳನ್ನು ಶೈಕ್ಷಣಿಕ ಸುಧಾರಣೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹಾಗೆಂದು ಪರೀಕ್ಷೆಯೇ ಬೇಡ ಎನ್ನುವವನಲ್ಲ ನಾನು. ಎಸ್‌ಎಸ್‌ಎಲ್‌ಸಿ ಕೇಂದ್ರಗಳಿಗೆ 2024ರಲ್ಲಿ ವೆಬ್‌ಕಾಸ್ಟಿಂಗ್ ಬಂದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಹಳೆಯ ಅಂಕಿಗಳು ಎಷ್ಟನ್ನು ಮುಚ್ಚಿಟ್ಟಿದ್ದವು ಎಂಬುದು ಅಂದು ಬಯಲಾಯಿತು. ಮಗು ಕಲಿತಿದೆಯೇ ಎಂದು ಪ್ರಾಮಾಣಿಕವಾಗಿ ತಿಳಿಯುವ ವ್ಯವಸ್ಥೆ ಬೇಕೇ ಬೇಕು, ಅದು ಹತ್ತಕ್ಕಿಂತ ಬಹಳ ಮೊದಲೇ ಬೇಕು. ಮೌಲ್ಯಾಂಕನದ ಹಿಂದಿದ್ದ ಈ ಆಶಯ ಸರಿಯಾದದ್ದೇ.

ಎಡವಟ್ಟಾದದ್ದು ಕಾಲದ ಆಯ್ಕೆಯಲ್ಲಿ, ಅಂಕದ ಬಳಕೆಯಲ್ಲಿ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶಾಲಾ ವರ್ಷ ಕ್ಯಾಲೆಂಡರಿನಂತೆ ನಡೆಯುವುದಿಲ್ಲ. ದೀಪಾವಳಿ ಕಳೆಯುತ್ತಿದ್ದಂತೆ ತಾಂಡಾಗಳಿಂದ, ಹಳ್ಳಿಗಳಿಂದ ಕುಟುಂಬಗಳು ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಮಹಾರಾಷ್ಟ್ರದ ಕಡೆಗೋ ಬೆಂಗಳೂರಿಗೋ ಹೊರಡುತ್ತವೆ. ಹತ್ತಿ ಬಿಡಿಸುವ, ತೊಗರಿ ರಾಶಿ ಮಾಡುವ ದಿನಗಳಲ್ಲಿ ಊರಲ್ಲೇ ಉಳಿದ ಮಕ್ಕಳೂ ಹೊಲದಲ್ಲಿರುತ್ತಾರೆ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ಮರಾಠಿ ಆಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳು ಬೇರೆ. ಅನೇಕ ಊರುಗಳಲ್ಲಿ ಹಿರಿಯ ಪ್ರಾಥಮಿಕ ಶಾಲೆ ಏಳಕ್ಕೇ ಮುಗಿಯುತ್ತದೆ. ಎಂಟಕ್ಕೆ ಬೇರೆ ಊರಿನ ಪ್ರೌಢಶಾಲೆ ಸೇರಿ, ಹೊಸ ಮೇಷ್ಟ್ರಿಗೆ ಹೊಂದಿಕೊಳ್ಳುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಆಗ ಬರುವ ಅಂಕ ಶಾಲೆಯ ಬೋಧನೆಯನ್ನು ಎಷ್ಟು ಅಳೆಯುತ್ತದೆ, ಮಗುವಿನ ಗೈರುಹಾಜರಿಯನ್ನು ಎಷ್ಟು ಅಳೆಯುತ್ತದೆ ಎಂದು ಬಿಡಿಸಿ ಹೇಳುವವರು ಯಾರು?

ಅಂಕ ಮುಚ್ಚಿಡುವ ಸಂಗತಿ ಇನ್ನೊಂದಿದೆ. ಗಣಿತದಲ್ಲಿ ಇಬ್ಬರಿಗೆ ಸಮನಾಗಿ ಹನ್ನೆರಡು ಅಂಕ ಬಂದಿವೆ ಎಂದುಕೊಳ್ಳಿ. ಒಬ್ಬಳಿಗೆ ಭಿನ್ನರಾಶಿ ಅರ್ಥವಾಗಿಲ್ಲ. ಇನ್ನೊಬ್ಬನಿಗೆ ಲೆಕ್ಕ ಬರುತ್ತದೆ, ಪ್ರಶ್ನೆಯ ಕನ್ನಡವನ್ನು ಓದಲು ಬರುವುದಿಲ್ಲ. ಇಬ್ಬರಿಗೂ ಬೇಕಾದ ಪಾಠ ಬೇರೆ ಬೇರೆ. ಯಾವ ಮಗು ಯಾವ ಪ್ರಶ್ನೆಯಲ್ಲಿ, ಏಕೆ ತಪ್ಪಿತು ಎಂಬ ವಿವರ ಜೂನ್‌ನಲ್ಲಿ ಮುಂದಿನ ತರಗತಿಯ ಶಿಕ್ಷಕರ ಕೈ ಸೇರದಿದ್ದರೆ ಇಡೀ ಕಸರತ್ತು ರಾಶಿ ಮುಗಿದ ಮೇಲೆ ಮಣ್ಣು ಪರೀಕ್ಷೆ ಮಾಡಿಸಿದಂತೆ.

ಇದಕ್ಕಿಂತ ಉತ್ತಮ ಮಾದರಿ ನಮ್ಮ ಭಾಗದಲ್ಲೇ ನಡೆದಿತ್ತು. 2002ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮತ್ತು ರಾಜ್ಯ ಸರ್ಕಾರ ಕಲಬುರಗಿಯೂ ಸೇರಿದಂತೆ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಕಲಿಕಾ ಖಾತ್ರಿ ಕಾರ್ಯಕ್ರಮ ಆರಂಭಿಸಿದವು. ಸರ್ಕಾರಿ ಶಾಲೆಗಳು ತಾವಾಗಿಯೇ ಮುಂದೆ ಬಂದು ಮೌಲ್ಯಮಾಪನಕ್ಕೆ ಒಪ್ಪಿಕೊಳ್ಳುತ್ತಿದ್ದವು. ದಾಖಲಾತಿ, ಹಾಜರಾತಿ, ಕಲಿಕೆ ಮೂರನ್ನೂ ಒಟ್ಟಿಗೆ ನೋಡಲಾಗುತ್ತಿತ್ತು. ಗೆದ್ದ ಶಾಲೆಗಳಿಗೆ ಬಹುಮಾನ ಕೊಟ್ಟ ಆ ಯೋಜನೆಗೂ ಮಿತಿಗಳಿದ್ದವು. ಬಲವಿದ್ದ ಶಾಲೆಗಳೇ ಮುಂದೆ ಬರುವುದು ಸಹಜವಾಗಿತ್ತು. ಆದರೂ ಶಾಲೆಗೆ ಬಾರದ ಮಗುವನ್ನು ಲೆಕ್ಕಕ್ಕೆ ಹಿಡಿಯದೆ ಶಾಲೆಯ ಸಾಧನೆ ಅಳೆಯಲಾಗದು ಎಂಬ ತಿಳಿವಳಿಕೆ ಅದರಲ್ಲಿತ್ತು. ಮಂಡಳಿಯ ಪ್ರಶ್ನೆಪತ್ರಿಕೆಯಲ್ಲಿ ಆ ತಿಳಿವಳಿಕೆಗೆ ಜಾಗವಿರಲಿಲ್ಲ.

ಎಂಟನೆಯ ತರಗತಿಯ ಅಳತೆ ಜೂನ್ ತಿಂಗಳಿಗೆ ಬರಲಿ. ಓದು, ಬರಹ, ಲೆಕ್ಕ ಇಷ್ಟನ್ನೇ ಪ್ರತಿ ಮಗುವಿನೊಂದಿಗೆ ಕೂತು, ಬಾಯಿಮಾತಿನಲ್ಲೂ ನೋಡಲಿ. ಹಿಂದುಳಿದ ಮಕ್ಕಳು ಹೆಚ್ಚಿರುವ ಶಾಲೆಯ ಖಾಲಿ ಹುದ್ದೆಗಳನ್ನು ಅದೇ ತಿಂಗಳು ತುಂಬಲಿ, ದೀಪಾವಳಿಗೆ ಮುನ್ನ ವಲಸೆ ಮಕ್ಕಳಿಗೆ ಊರಲ್ಲೇ ಉಳಿಯಲು ವಸತಿ ವ್ಯವಸ್ಥೆಯಾಗಲಿ. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನವಿರುವ, ಅದಕ್ಕೆಂದೇ ಅಭಿವೃದ್ಧಿ ಮಂಡಳಿ ಇರುವ ಪ್ರದೇಶ ನಮ್ಮದು. ಇಷ್ಟನ್ನು ಕೇಳುವುದು ಅತಿಯಾಸೆಯಲ್ಲ. ಕಡಿಮೆ ಅಂಕ ಬಂದ ಕೂಡಲೇ ಮಗುವಿಗೆ ಶಿಕ್ಷಕರು ಸಿಗಬೇಕು, ಸಮಯ ಸಿಗಬೇಕು. ಅದನ್ನು ಕೊಡಲು ಸಿದ್ಧವಿರುವ ಸರ್ಕಾರಕ್ಕೆ ಮಾತ್ರ ಹದಿಮೂರು ವರ್ಷದ ಮಗುವನ್ನು ಪರೀಕ್ಷೆಗೆ ಕೂರಿಸುವ ಹಕ್ಕಿದೆ.