ಓದುಯಂತ್ರಗಳ ಮೊದಲ ತಲೆಮಾರು: ಒಂದು ಗುಣದೋಷ ವಿವೇಚನೆ

ಪುಸ್ತಕವೆಂಬುದು ಒಂದೇ ಹೆಸರಿನಿಂದ ಕರೆಯಲ್ಪಡುವ ಮೂರು ವಸ್ತುಗಳ ಸಮುಚ್ಚಯ. ಕಣ್ಣಿಗೆ ಅದು ಪುಟ. ಕೈಗೆ ಅದು ಕೊಂಡು ಇಟ್ಟುಕೊಳ್ಳಬಹುದಾದ, ಬೇಕಾದಾಗ ಇನ್ನೊಬ್ಬರಿಗೆ ಕೊಡಬಹುದಾದ ಸ್ವತ್ತು. ಒಂದು ಭಾಷೆಯನ್ನಾಡುವ ಜನಕ್ಕೆ ಅದು ತಮ್ಮ ಲಿಪಿಯಲ್ಲಿ ಕೂಡಿಟ್ಟುಕೊಂಡ ನಿಧಿ. ಪುಸ್ತಕದ ಸ್ಥಾನಕ್ಕೆ ಬರಲು ಹೊರಟ ಯಾವ ಉಪಕರಣವನ್ನೇ ಆಗಲಿ ಈ ಮೂರು ಒರೆಗಲ್ಲುಗಳಿಗೂ ಉಜ್ಜಿ ನೋಡುವುದು ನ್ಯಾಯ. ಇ-ರೀಡರ್ ಎಂದು ಹೆಸರಾದ ಓದುಯಂತ್ರಗಳ ವಿಷಯದಲ್ಲಿ ನಡೆದ ಚರ್ಚೆಯಾದರೋ ಬಹುಮಟ್ಟಿಗೆ ಮೊದಲನೆಯ ಒರೆಗಲ್ಲಿನ ಬಳಿಯೇ ನಿಂತುಹೋಯಿತು. ಪರದೆಯು ಕಾಗದವನ್ನು ಹೋಲುತ್ತದೆಯೇ, ಕಣ್ಣಿಗೆ ಆಯಾಸವಾಗುತ್ತದೆಯೇ, ಹಳೆಯ ಪುಸ್ತಕದ ವಾಸನೆ ಅದಕ್ಕುಂಟೇ ಎಂಬ ಪ್ರಶ್ನೆಗಳೇ ಮುಂದೆ ಬಂದುವು. 1998ರಿಂದ ಸುಮಾರು 2010ರವರೆಗಿನ ಯಂತ್ರಗಳನ್ನು ಒಟ್ಟಾಗಿ ನೋಡಿದರೆ, ಅವು ಮೊದಲನೆಯ ಪರೀಕ್ಷೆಯಲ್ಲಿ ಗೆದ್ದವು, ಎರಡನೆಯದರಲ್ಲಿ ಸೋತವು, ಮೂರನೆಯದಕ್ಕೆ ಬಹುಪಾಲು ಕುಳಿತೇ ಇಲ್ಲ ಎಂಬುದು ಸ್ಪಷ್ಟವಾಗುತ್ತದೆ. ಕನ್ನಡ ಓದುಗರಿಗೆ, ಅದರಲ್ಲಿಯೂ ಕನ್ನಡದ ಪುಸ್ತಕದಂಗಡಿಯಿಂದ ದೂರ ಇರುವವರಿಗೆ, ಈ ಮೂರನೆಯದೇ ಮುಖ್ಯವಾದುದು.

ಅಕ್ಷರರಾಶಿಯನ್ನು ಗಣಕದಲ್ಲಿ ಕೂಡಿಡುವ ಯೋಚನೆ ಯಂತ್ರಕ್ಕಿಂತ ಹಳೆಯದು. 1971ರಲ್ಲಿ ಮೈಕೆಲ್ ಹಾರ್ಟ್ ಎಂಬವರು ಇಲಿನಾಯ್ ವಿಶ್ವವಿದ್ಯಾನಿಲಯದ ಗಣಕದಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಬೆರಳಚ್ಚಿಸಿ, ಮುಂದೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂದು ಪ್ರಸಿದ್ಧವಾದ ಭಂಡಾರಕ್ಕೆ ಅಡಿಗಲ್ಲಿಟ್ಟರು. ಆದರೆ ಮೇಜಿನ ಮೇಲಿನ ಗಣಕದ ಮುಂದೆ ಕುಳಿತು ಕಾದಂಬರಿ ಓದುವ ತಾಳ್ಮೆ ಯಾರಿಗೂ ಇರಲಿಲ್ಲ. ಕೈಯಲ್ಲಿ ಹಿಡಿದು ಓದುವ ಯಂತ್ರಗಳು ಅಮೆರಿಕದ ಮಾರುಕಟ್ಟೆಗೆ ಬಂದುದು 1998ರಲ್ಲಿ. ರಾಕೆಟ್ ಇ-ಬುಕ್ ಮತ್ತು ಸಾಫ್ಟ್‌ಬುಕ್ ಎಂಬವು ಆ ಮೊದಲ ಜೋಡಿ. ಮೊದಲನೆಯದು ಸುಮಾರು 600 ಗ್ರಾಂ ತೂಗುತ್ತಿದ್ದು ಹತ್ತು ಪುಸ್ತಕಗಳಷ್ಟನ್ನು ಹೊರುತ್ತಿತ್ತು. ಎರಡನೆಯದು ಅದಕ್ಕಿಂತ ಎರಡು ಪಾಲು ಭಾರವಾಗಿದ್ದರೂ, ಗಣಕದ ಸಹಾಯವಿಲ್ಲದೆ ದೂರವಾಣಿಯ ತಂತಿಯ ಮೂಲಕವೇ ಪುಸ್ತಕವನ್ನು ತರಿಸಿಕೊಳ್ಳಬಲ್ಲದಾಗಿತ್ತು.

ಈ ಜೋಡಿಯ ದೋಷ ಪರದೆಯಲ್ಲಿತ್ತು. ಅವೆರಡೂ ದ್ರವಸ್ಫಟಿಕದ ಪರದೆಗಳು. ಒಳಗಿನ ದೀಪ ಉರಿದರೆ ಕಣ್ಣಿಗೆ ದಣಿವು. ಹಗಲಿನ ಬಿಸಿಲಿನಲ್ಲಿ ಅಕ್ಷರ ಮಂಕು. ಬೆಲೆಯಾದರೋ ನೂರಾರು ಡಾಲರು. 2000ದಲ್ಲಿ ಜೆಮ್‌ಸ್ಟಾರ್ ಎಂಬ ಒಂದೇ ಸಂಸ್ಥೆ ಇವೆರಡನ್ನೂ ಕೊಂಡುಕೊಂಡಿತು. 2003ರಲ್ಲಿ ಆ ವ್ಯಾಪಾರವನ್ನೇ ನಿಲ್ಲಿಸಿತು. ಆ ಯಂತ್ರಕ್ಕೆಂದೇ ಬೀಗ ಹಾಕಿ ಮಾರಿದ್ದ ಪುಸ್ತಕಗಳನ್ನು ಕೊಂಡವರಿಗೆ ಉಳಿದುದು, ಬ್ಯಾಟರಿ ಬಾಳುವಷ್ಟು ದಿನ ಮಾತ್ರ ತೆರೆಯಬಹುದಾದ ಕಪಾಟು. ಐದೇ ವರ್ಷಗಳಲ್ಲಿ ನಡೆದ ಈ ಪ್ರಸಂಗದಲ್ಲಿ ಮುಂದಿನದೆಲ್ಲದರ ಮುನ್ಸೂಚನೆಯಿತ್ತಾದರೂ, ಅದನ್ನು ಹಾಗೆಂದು ಓದಿದವರು ಕಡಮೆ. ಪರದೆ ಸುಧಾರಿಸಿದರೆ ಎಲ್ಲವೂ ಸರಿಹೋದೀತೆಂದೇ ಹಲವರು ಭಾವಿಸಿದರು.

ಪರದೆ ನಿಜವಾಗಿಯೂ ಸುಧಾರಿಸಿತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆದ ಸಂಶೋಧನೆಯ ಫಲವಾಗಿ 1997ರಲ್ಲಿ ಇ-ಇಂಕ್ ಎಂಬ ಕಂಪನಿ ಹುಟ್ಟಿತು. ಅದರ ಪರದೆಯಲ್ಲಿರುವುದು ಕೂದಲೆಳೆಯಷ್ಟು ಸಣ್ಣ ಗುಳಿಗೆಗಳು. ಪ್ರತಿಯೊಂದು ಗುಳಿಗೆಯೊಳಗೂ ವಿರುದ್ಧ ವಿದ್ಯುದಾವೇಶಗಳನ್ನುಳ್ಳ ಕಪ್ಪು ಬಿಳುಪಿನ ಕಣಗಳು ತೇಲುತ್ತಿರುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ತಕ್ಕಂತೆ ಕಪ್ಪು ಮೇಲೆದ್ದರೆ ಅಕ್ಷರ, ಬಿಳುಪು ಮೇಲೆದ್ದರೆ ಕಾಗದ. ಒಮ್ಮೆ ಮೂಡಿದ ಪುಟ ವಿದ್ಯುತ್ತಿನ ಹಂಗಿಲ್ಲದೆ ನಿಲ್ಲುತ್ತದೆ. ಪುಟ ತಿರುಗಿಸುವಾಗ ಮಾತ್ರ ಶಕ್ತಿ ವ್ಯಯವಾಗುತ್ತದೆ. ಮೂಲಪರದೆ ತನ್ನ ಬೆಳಕನ್ನು ಬೀರುವುದಿಲ್ಲ. ಕಾಗದದಂತೆ ಹೊರಗಿನ ಬೆಳಕನ್ನೇ ಪ್ರತಿಫಲಿಸುತ್ತದೆ. ಆದಕಾರಣ ಬಿಸಿಲಿನಲ್ಲಿ ಅದು ಇನ್ನಷ್ಟು ನಿಚ್ಚಳ.

2004ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೋನಿಯವರ ಲಿಬ್ರಿಯೇ ಈ ಪರದೆಯನ್ನು ಮಾರುಕಟ್ಟೆಗೆ ತಂದ ಮೊದಲ ಓದುಯಂತ್ರ. ಸಾಮಾನ್ಯವಾದ ನಾಲ್ಕು ಸಣ್ಣ ಬ್ಯಾಟರಿಗಳಿಂದ ಸುಮಾರು 10,000 ಪುಟಗಳನ್ನು ತಿರುಗಿಸಬಹುದೆಂಬ ಲೆಕ್ಕವಿತ್ತು. ಕಣ್ಣಿನ ಪ್ರಶ್ನೆಗೆ ಸಿಕ್ಕ ಈ ಉತ್ತರ ಅಪೂರ್ವವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಯಂತ್ರಕ್ಕೆಂದು ಒದಗಿಸಿದ ಪುಸ್ತಕಗಳು ಅರುವತ್ತು ದಿನಗಳಾದ ಮೇಲೆ ತೆರೆಯುತ್ತಿರಲಿಲ್ಲ. ಪುಟವನ್ನು ಇಷ್ಟು ಶ್ರದ್ಧೆಯಿಂದ ಸಿದ್ಧಪಡಿಸಿದವರು ಪುಸ್ತಕವನ್ನು ಬಾಡಿಗೆಯ ಸರಕಾಗಿ ಎಣಿಸಿದುದು ವಿಚಿತ್ರವಾಗಿ ಕಾಣುತ್ತದೆ. ಲಿಬ್ರಿಯೇ ಬಹುಕಾಲ ಬಾಳದಿರಲು ಇದೂ ಒಂದು ಕಾರಣವೆನ್ನಬಹುದು.

ಈ ಪರಂಪರೆಯಲ್ಲಿ ನಿರ್ಣಾಯಕವಾದುದು 2007ರ ನವೆಂಬರಿನಲ್ಲಿ ಅಮೆಜಾನ್ ಹೊರತಂದ ಕಿಂಡಲ್. 399 ಡಾಲರಿನ ಆ ಮೊದಲ ಸರಕು ಐದೂವರೆ ಗಂಟೆಗಳಲ್ಲಿ ಖರ್ಚಾಯಿತು. ಅದರ ತೂಕ 300 ಗ್ರಾಮಿಗಿಂತ ಕಡಮೆ; ಒಳಗೆ ಸುಮಾರು 200 ಪುಸ್ತಕಗಳಿಗೆ ಎಡೆ. ಅದರ ನಿಜವಾದ ಹಿರಿಮೆ ಇದ್ದುದು ಪರದೆಯಲ್ಲಲ್ಲ, ನಿಸ್ತಂತು ಸಂಪರ್ಕದಲ್ಲಿ. ಅಮೆರಿಕದೊಳಗೆ ಓದುಗನು ಇದ್ದ ಸ್ಥಳದಿಂದಲೇ, ಪ್ರತ್ಯೇಕ ವೆಚ್ಚವಿಲ್ಲದೆ, ಒಂದು ನಿಮಿಷದಲ್ಲಿ ಪುಸ್ತಕವನ್ನು ತರಿಸಿಕೊಳ್ಳಬಹುದಾಗಿತ್ತು. ಪುಸ್ತಕಕ್ಕೂ ಓದುಗನಿಗೂ ನಡುವಿನ ದೂರ ಅಳಿದುಹೋಯಿತು. ಅಕ್ಷರವನ್ನು ಆರು ಗಾತ್ರಗಳಲ್ಲಿ ಹಿಗ್ಗಿಸಬಹುದಾದ ಸೌಕರ್ಯ, ದೃಷ್ಟಿ ಮಂದವಾದ ವೃದ್ಧರಿಗೆ ಒಂದು ವರವೇ ಸರಿ. ಪದದ ಅರ್ಥವನ್ನು ಅಲ್ಲಿಯೇ ತೋರಿಸುವ ನಿಘಂಟು, ಗ್ರಂಥದ ಯಾವ ಮೂಲೆಯಲ್ಲಿರುವ ಮಾತನ್ನಾದರೂ ಹುಡುಕಿಕೊಡುವ ಶಕ್ತಿ, ಇವು ಕಾಗದಕ್ಕೆ ಎಂದೂ ಸಾಧ್ಯವಾಗದ ಗುಣಗಳು.

ಅಭ್ಯಾಸಕ್ಕಾಗಿ ಓದುವವನಿಗೆ ಮಾತ್ರ ಈ ಪುಟ ಅಷ್ಟು ಒಗ್ಗಲಿಲ್ಲ. ಮೊದಲಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಸಾಗುವ ಕಾದಂಬರಿಗೆ ಯಂತ್ರ ಹೇಳಿ ಮಾಡಿಸಿದಂತಿದ್ದರೂ, ಹಿಂದೆ ಮುಂದೆ ತಿರುವಿ, ಎರಡು ಕಡೆ ಬೆರಳಿಟ್ಟು, ಅಂಚಿನಲ್ಲಿ ಗುರುತು ಹಾಕುತ್ತ ಓದುವ ಶಾಸ್ತ್ರಗ್ರಂಥಕ್ಕೆ ಅದರ ನಿಧಾನ ತೊಡಕಾಯಿತು. 2009ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವು ಮೂರು ಪಾಠಕ್ರಮಗಳಲ್ಲಿ ದೊಡ್ಡ ಪರದೆಯ ಕಿಂಡಲನ್ನು ಪ್ರಯೋಗಿಸಿ ನೋಡಿದಾಗ, ಕಾಗದದ ಖರ್ಚೇನೋ ಇಳಿಯಿತು. ಟಿಪ್ಪಣಿ ಬರೆಯುವ ಕಷ್ಟದ ಬಗ್ಗೆ ವಿದ್ಯಾರ್ಥಿಗಳ ದೂರು ಬಲವಾಗಿತ್ತು. ಅಕ್ಷರದ ಗಾತ್ರ ಬದಲಾದಂತೆ ಪುಟವೂ ಬದಲಾಗುವುದರಿಂದ ಕಿಂಡಲಿನಲ್ಲಿ ಮೊದಲು ಪುಟಸಂಖ್ಯೆಯೇ ಇರಲಿಲ್ಲ. ಮುದ್ರಿತ ಪ್ರತಿಯ ಪುಟಸಂಖ್ಯೆಯನ್ನು ತೋರಿಸುವ ಏರ್ಪಾಡು ಬಂದುದು 2011ರಲ್ಲಿ. ಉಲ್ಲೇಖವನ್ನು ಪುಟದಿಂದ ಗುರುತಿಸುವ ಸಂಶೋಧಕನಿಗೆ ಇದು ಸಣ್ಣ ಕೊರತೆಯಲ್ಲ. ಆದರೂ ಇವೆಲ್ಲ ಬೆಳೆಯುವ ಯಂತ್ರದ ಬಾಲಗ್ರಹಗಳೆಂದು ಕ್ಷಮಿಸಬಹುದು.

ಸ್ವತ್ತಿನ ವಿಷಯದಲ್ಲಿ ಆದ ಸೋಲು ಬೇರೆ ಜಾತಿಯದು. 2009ರ ಜುಲೈಯಲ್ಲಿ ಅಮೆಜಾನ್, ತಾನು ಮಾರಿದ್ದ ಎರಡು ಪುಸ್ತಕಗಳನ್ನು, ಅವುಗಳ ಪ್ರಕಾಶಕನಿಗೆ ಅಮೆರಿಕದಲ್ಲಿ ಹಕ್ಕಿರಲಿಲ್ಲವೆಂಬ ಕಾರಣದಿಂದ, ಕೊಂಡವರ ಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿತು. ಅವು ಜಾರ್ಜ್ ಆರ್ವೆಲ್ಲರ ‘1984’ ಮತ್ತು ‘ಅನಿಮಲ್ ಫಾರ್ಮ್’. ಹಣವನ್ನು ಹಿಂದಿರುಗಿಸಿದ್ದಾಯಿತು, ಸಂಸ್ಥೆಯ ಮುಖ್ಯಸ್ಥರಾದ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆಯನ್ನೂ ಕೇಳಿದರು. ಓದುತ್ತ ಓದುತ್ತ ವಿದ್ಯಾರ್ಥಿಯೊಬ್ಬನು ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳು ಮೂಲಗ್ರಂಥವಿಲ್ಲದೆ ನಿಷ್ಪ್ರಯೋಜಕವಾದುವು. ವ್ಯವಹಾರ ನ್ಯಾಯಾಲಯದವರೆಗೆ ಹೋಗಿ ರಾಜಿಯಲ್ಲಿ ಮುಗಿಯಿತು. ಇಲ್ಲಿ ವಿಚಾರಣೀಯವಾದುದು ಸಂಸ್ಥೆಯ ದುರುದ್ದೇಶವಲ್ಲ; ಅಂಥದು ಇದ್ದಂತೆ ಕಾಣುವುದೂ ಇಲ್ಲ. ಮಾರಿದವನ ಕೈ ಕೊಂಡವನ ಕಪಾಟಿನವರೆಗೂ ಚಾಚಬಲ್ಲದೆಂಬ ಸಂಗತಿಯೇ ಮುಖ್ಯ. ಕಾಗದದ ಪುಸ್ತಕವನ್ನು ಕೊಂಡವನು ಅದನ್ನು ಗೆಳೆಯನಿಗೆ ಕೊಡಬಹುದು, ಮಕ್ಕಳಿಗೆ ಬಿಡಬಹುದು, ಸಂಘದ ವಾಚನಾಲಯಕ್ಕೆ ದಾನಮಾಡಬಹುದು. ಊರು ಬಿಟ್ಟು ಬಂದ ಜನ ಕಟ್ಟಿಕೊಂಡ ಪುಸ್ತಕ ಭಂಡಾರಗಳಿಗೆ ಇಂಥ ದಾನಗಳು ಎಷ್ಟು ಆಸರೆಯಾಗಿವೆಯೆಂಬುದು ಅವುಗಳ ಕಪಾಟು ತೆರೆದವರಿಗೆ ತಿಳಿದೇ ಇದೆ. ಬೀಗ ಹಾಕಿದ ಇ-ಪುಸ್ತಕದಿಂದ ಅಂಥ ಭಂಡಾರವೊಂದು ಕಟ್ಟಲ್ಪಡಲಾರದು.

ಇನ್ನು ಲಿಪಿಯ ಮಾತು. ದೂರವನ್ನು ಅಳಿಸುವ ಯಂತ್ರದಿಂದ ಅತ್ಯಧಿಕ ಪ್ರಯೋಜನ ಪಡೆಯಬೇಕಾದವರು, ತಮ್ಮ ಭಾಷೆಯ ಪುಸ್ತಕದಂಗಡಿ ಇಲ್ಲದ ನಗರಗಳಲ್ಲಿ ಇರುವವರು. ಮುಂಬಯಿ, ದೆಹಲಿಗಳ ಕನ್ನಡಿಗನು ಬೆಂಗಳೂರಿಗೋ ಧಾರವಾಡಕ್ಕೋ ಹೋದವರ ಮೂಲಕ ಪುಸ್ತಕ ತರಿಸುವ ರೂಢಿಯಿರುವವನು. ಆದರೆ ಮೊದಲ ಕಿಂಡಲ್ ರೋಮನ್ ಲಿಪಿಯನ್ನೇ ಮನಸ್ಸಿನಲ್ಲಿಟ್ಟು ರಚಿತವಾದುದು. ಆ ಲಿಪಿಯಲ್ಲಿ ಅಕ್ಷರದ ಪಕ್ಕದಲ್ಲಿ ಅಕ್ಷರ ನಿಂತರೆ ಪದ ಮುಗಿಯಿತು. ಕನ್ನಡದಲ್ಲಿ ‘ಸ್ತ್ರೀ’ ಎಂಬ ಒಂದು ಅಕ್ಷರಕ್ಕೆ ಯುನಿಕೋಡಿನಲ್ಲಿ ಆರು ಸಂಕೇತಗಳು ಬೇಕು; ಒತ್ತನ್ನು ಕೆಳಗೆ, ಗುಣಿತವನ್ನು ಪಕ್ಕದಲ್ಲಿ ಕ್ರಮವಾಗಿ ಜೋಡಿಸುವ ವಿವೇಕ ಯಂತ್ರಕ್ಕೆ ಇರಬೇಕು. ಇದು ಅಸಾಧ್ಯವೇನಲ್ಲ. ಕನ್ನಡ ಲಿಪಿಗೆ ಯುನಿಕೋಡಿನಲ್ಲಿ ಸ್ಥಾನ ದೊರೆತುದು 1991ರಲ್ಲಿ, ಎಂದರೆ ಕಿಂಡಲಿಗಿಂತ ಹದಿನಾರು ವರ್ಷ ಮೊದಲು. ಹೀಗಿದ್ದೂ 2016ರ ಡಿಸೆಂಬರಿನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕಿಂಡಲಿಗೆ ತಂದಾಗ ಪಟ್ಟಿಯಲ್ಲಿದ್ದುವು ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ. ಕನ್ನಡ ಇರಲಿಲ್ಲ, ತೆಲುಗೂ ಬಂಗಾಳಿಯೂ ಇರಲಿಲ್ಲ.

ಹಳೆಯ ಗ್ರಂಥಗಳ ಪುಟಚಿತ್ರಗಳನ್ನು ಓದಬಹುದಲ್ಲವೇ ಎಂಬ ಸಮಾಧಾನವೊಂದುಂಟು. ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಕನ್ನಡದ ಗ್ರಂಥಗಳೂ ಹೀಗೆ ಚಿತ್ರಗಳಾಗಿ ಉಳಿದಿವೆ. ಆದರೆ ಆರು ಅಂಗುಲದ ಪರದೆಯ ಎತ್ತರ ಸುಮಾರು 12 ಸೆಂಟಿಮೀಟರು, ಅಗಲ 9. ಡೆಮಿ 1/8 ಆಕಾರದ ಪುಟದ ಎತ್ತರವಾದರೋ 21 ಸೆಂಟಿಮೀಟರಿಗೂ ಹೆಚ್ಚು. ಆ ಪುಟವನ್ನು ಈ ಪರದೆಗೆ ಹೊಂದಿಸಿದರೆ ಅಕ್ಷರ ಅರ್ಧಕ್ಕಿಂತ ಸ್ವಲ್ಪವೇ ದೊಡ್ಡದಾಗಿ ಉಳಿಯುತ್ತದೆ. ಒತ್ತಕ್ಷರ ಬರಿಯ ಚುಕ್ಕೆಯಾಗುತ್ತದೆ. ಚಿತ್ರವಾದ ಪುಟದಲ್ಲಿ ಗಾತ್ರವನ್ನು ಹಿಗ್ಗಿಸಿ ಸಾಲುಗಳನ್ನು ಮರುಜೋಡಿಸುವಂತಿಲ್ಲ, ಪದವನ್ನು ಹುಡುಕುವಂತಿಲ್ಲ. ಎಂದರೆ ಯಂತ್ರದ ಮುಖ್ಯ ಗುಣಗಳಲ್ಲಿ ಒಂದೂ ಕನ್ನಡಕ್ಕೆ ದಕ್ಕಿದಂತಾಗಲಿಲ್ಲ.

ದೋಷವೆಲ್ಲ ಹೊರಗಿನವರದೇ ಎನ್ನುವುದು ಸತ್ಯವಾಗದು. 1990ರ ದಶಕದಿಂದ ಬಹುಕಾಲ ಕನ್ನಡದ ಪುಸ್ತಕಗಳು ಒಂದೊಂದು ತಂತ್ರಾಂಶದ ಒಂದೊಂದು ಬಗೆಯ ಅಕ್ಷರಸಂಕೇತದಲ್ಲಿ ಜೋಡಣೆಯಾದುವು. ಮುದ್ರಣಾಲಯಕ್ಕೆ ಅಷ್ಟೇ ಸಾಕಾಗಿತ್ತು. ಕಾಗದದ ಮೇಲೆ ಅಕ್ಷರ ಅಂದವಾಗಿ ಮೂಡಿದರೆ ಒಳಗಿನ ಸಂಕೇತವನ್ನು ಕೇಳುವವರಾರು? ಆದರೆ ಅದೇ ಕಡತ ಬೇರೆ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿ. ಗಣಕದಲ್ಲೇ ಜೋಡಿಸಿದ ಗ್ರಂಥವನ್ನೂ ಇ-ಪುಸ್ತಕವಾಗಿಸಬೇಕಾದರೆ ಮೊದಲು ಯುನಿಕೋಡಿಗೆ ಪರಿವರ್ತಿಸಿ, ಮತ್ತೆ ಕರಡು ತಿದ್ದಬೇಕು. ಅನ್ಯರ ಅಲಕ್ಷ್ಯಕ್ಕೆ ನಮ್ಮವರ ಈ ಅನಾದರವೂ ಸೇರಿತೆನ್ನಬೇಕಾಗುತ್ತದೆ.

ಇಂದು ಕನ್ನಡದ ಇ-ಪುಸ್ತಕಗಳು ಇಲ್ಲವೆಂದಲ್ಲ. ಅವು ಮೊಬೈಲಿನಲ್ಲಿ ಓದಲ್ಪಡುತ್ತಿವೆ. ದೂರ ಅಳಿದುದು ಲಾಭವೇ. ಆದರೆ ಇ-ಇಂಕಿನ ಶಾಂತವಾದ ಪುಟ, ಒಂದು ಕಾದಂಬರಿಯನ್ನು ಅಡ್ಡಿಯಿಲ್ಲದೆ ಮುಗಿಸಲು ಬಿಡುವ ಏಕಾಂತ ಇಂಗ್ಲಿಷಿಗೆ ದೊರೆತಷ್ಟು ಕನ್ನಡಕ್ಕೆ ದೊರೆಯಲಿಲ್ಲ. ಉರಿಯುವ ಪರದೆಯ ಮೇಲೆ, ಕರೆಗಳ ಸಂದೇಶಗಳ ನಡುವೆ, ಕನ್ನಡ ಗದ್ಯ ತುಣುಕು ತುಣುಕಾಗಿ ಓದಲ್ಪಡುತ್ತಿದೆ. ಒಂದು ಭಾಷೆಯ ದೀರ್ಘ ಕೃತಿಗಳನ್ನು ಯಾವ ಉಪಕರಣದ ಮೇಲೆ ಓದಬೇಕಾಗಿ ಬರುತ್ತದೆಂಬುದು ಆ ಕೃತಿಗಳ ಆಯುಸ್ಸಿಗೂ ಸಂಬಂಧಿಸಿದ ವಿಷಯ.

ಆದುದರಿಂದ ಮೊದಲ ಓದುಯಂತ್ರಗಳ ಮೌಲ್ಯ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಪುಟವನ್ನು ಅವು ಕಾಗದದ ಸಮೀಪಕ್ಕೆ ತಂದುವು. ಈ ಸಾಧನೆ ಸ್ಮರಣೀಯ. ಪುಸ್ತಕವನ್ನು ಸ್ವತ್ತಿನ ಪದವಿಯಿಂದ ಅನುಮತಿಯ ಪದವಿಗೆ ಇಳಿಸಿದುವು. ಈ ನಷ್ಟವನ್ನು ಯಾವ ಪರದೆಯೂ ತುಂಬಲಾರದು. ಲಿಪಿಗಳ ಬಹುತ್ವವನ್ನು ಅವು ಎಣಿಕೆಗೇ ತಂದುಕೊಳ್ಳಲಿಲ್ಲ. ಮೊದಲನೆಯ ಕೆಲಸ ತಂತ್ರಜ್ಞರದು, ಅದನ್ನು ಅವರು ಮಾಡಿದ್ದಾರೆ. ಉಳಿದೆರಡು ಓದುಗರೂ ಪ್ರಕಾಶಕರೂ ಸಂಘಗಳೂ ಕೂಡಿ ಕೇಳಿ ಪಡೆಯಬೇಕಾದವು. 2007ರಿಂದ ಅಂಗೀಕೃತವಾಗಿರುವ ಇ-ಪಬ್‌ನಂಥ ಮುಕ್ತ ಮಾದರಿಯಲ್ಲಿ, ಯುನಿಕೋಡ್ ಅಕ್ಷರದಲ್ಲಿ, ಬೀಗವಿಲ್ಲದೆ ಸಿದ್ಧವಾದ ಒಂದು ಕನ್ನಡ ಗ್ರಂಥ ಇಂದಿನ ಯಂತ್ರ ಹಳತಾದ ಮೇಲೂ ನಾಳಿನ ಯಂತ್ರದಲ್ಲಿ ತೆರೆಯಬಲ್ಲದು. ಯಂತ್ರವನ್ನು ಕೊಳ್ಳುವ ಮೊದಲು ಅದರ ಬೆಲೆ ತೂಕಗಳನ್ನು ವಿಚಾರಿಸುವ ಕನ್ನಡ ಓದುಗನು, ಅದರಲ್ಲಿ ಒಂದು ಒತ್ತಕ್ಷರ ಸರಿಯಾಗಿ ಮೂಡುತ್ತದೆಯೇ, ಓದಿ ಮುಗಿಸಿದ ಪುಸ್ತಕವನ್ನು ಪಕ್ಕದ ಮನೆಯವರಿಗೆ ಕೊಡಬಹುದೇ ಎಂಬ ಎರಡು ಪ್ರಶ್ನೆಗಳನ್ನೂ ಕೇಳುವುದು ಲೇಸು.